ಸುಣ್ಣದಕಲ್ಲಿನ ಮೇಲೊಂದು ಕರಿ ಹೊದಿಕೆ: ಸೇಡಂ–ಚಿತ್ತಾಪುರ ಸೀಮೆಯ ಎರೆಮಣ್ಣು

ತೊಗರಿ ಬೇಳೆ, ನೆಲಕ್ಕೆ ಹಾಸುವ ಶಹಾಬಾದ ಕಲ್ಲು ಮತ್ತು ಸಿಮೆಂಟು. ನಗರದ ಬಹುತೇಕ ಮನೆಗಳಲ್ಲಿ ಈ ಮೂರೂ ಇರುತ್ತವೆ. ಮೂರಕ್ಕೂ ಹೆಸರಾದ ಒಂದು ಸೀಮೆ ಕರ್ನಾಟಕದಲ್ಲಿದೆ. ಅದು ಕಲಬುರಗಿ ಜಿಲ್ಲೆಯ ಪೂರ್ವ ಭಾಗದಲ್ಲಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳ ಪ್ರದೇಶ. ಇಲ್ಲಿ ಮೇಲೆ ಕರಿ ಎರೆಮಣ್ಣು, ಅದರಡಿ ಪದರ ಪದರವಾಗಿ ಸುಣ್ಣದಕಲ್ಲು. ಮೇಲಿನದು ರೈತನ ಬದುಕು, ಕೆಳಗಿನದು ಗಣಿಯ ಬಂಡವಾಳ. ಇವೆರಡರ ನಡುವೆ ಇರುವ ಅಂತರ ಕೆಲವು ಹೊಲಗಳಲ್ಲಿ ಆಳೆತ್ತರಕ್ಕಿಂತ ಹೆಚ್ಚು. ಇನ್ನು ಕೆಲವೆಡೆ ಒಂದು ಗೇಣು ಮಾತ್ರ.

ಈ ಆಳವೇ ಇಲ್ಲಿನ ಬೇಸಾಯದ ಲೆಕ್ಕವನ್ನೆಲ್ಲ ನಿರ್ಧರಿಸುತ್ತದೆ. ಯಾವ ಬೆಳೆ ಬರುತ್ತದೆ, ಎಷ್ಟು ದಿನ ಮಳೆ ಇಲ್ಲದೆ ಬೆಳೆ ತಾಳುತ್ತದೆ, ಯಾವ ಹೊಲ ಮಾರಾಟವಾಗಿ ಗಣಿಯಾಗುತ್ತದೆ ಎಂಬ ಪ್ರಶ್ನೆಗಳ ಉತ್ತರ ಬಹುಮಟ್ಟಿಗೆ ಮಣ್ಣಿನ ಆಳದಲ್ಲಿದೆ. ಈ ಮಣ್ಣಿನ ಹುಟ್ಟು, ಗುಣ, ಹವಾಮಾನ ಮತ್ತು ಅದು ನೆಲೆಸಿರುವ ಭೂಪ್ರದೇಶದ ಪರಿಚಯ ಇಲ್ಲಿದೆ.

ಭೂಪ್ರದೇಶದ ಸ್ವರೂಪ

ಚಿಂಚೋಳಿಯ ಉತ್ತರ ಭಾಗದಿಂದ ವಾಡಿ, ಶಹಾಬಾದ ಕಡೆಗೆ ಪ್ರಯಾಣಿಸಿದರೆ ನೆಲ ಮೆಟ್ಟಿಲಿಳಿದಂತೆ ಇಳಿಯುತ್ತದೆ. ಪ್ರತಿ ಮೆಟ್ಟಿಲಿಗೂ ಬೇರೆ ಕಲ್ಲು, ಬೇರೆ ಮಣ್ಣು.

ಮೊದಲನೆಯದು ಬೀದರ ಕಡೆಯಿಂದ ಚಾಚಿಕೊಂಡ ಜಂಬಿಟ್ಟಿಗೆಯ ಎತ್ತರದ ನೆಲ. ಇಲ್ಲಿಯ ಮಣ್ಣು ಕೆಂಪು. ನೀರು ಬೇಗನೆ ಬಸಿದುಹೋಗುತ್ತದೆ. ಈ ಭಾಗದಲ್ಲಿ ಒಣ ಎಲೆ ಉದುರುವ ಕಾಡು ಉಳಿದುಕೊಂಡಿದೆ. 2011ರಲ್ಲಿ ಸುಮಾರು 134 ಚದರ ಕಿ.ಮೀ. ವಿಸ್ತಾರದ ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾದದ್ದು ಇದೇ ಕಾಡಿನಲ್ಲಿ. ಚಂದ್ರಂಪಳ್ಳಿ ಜಲಾಶಯವೂ ಇಲ್ಲಿಯದೇ.

ಎರಡನೆಯ ಮೆಟ್ಟಿಲು ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಶಿಲೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಆದ ಈ ಶಿಲೆ ಮಹಾರಾಷ್ಟ್ರದ ಬಹುಭಾಗವನ್ನು ಆವರಿಸಿ, ಕಲಬುರಗಿ ಜಿಲ್ಲೆಯಲ್ಲಿ ತನ್ನ ದಕ್ಷಿಣದ ಅಂಚನ್ನು ಮುಟ್ಟುತ್ತದೆ. ಚಿಂಚೋಳಿ, ಸೇಡಂ ಸೀಮೆಯಲ್ಲಿ ಈ ಅಂಚು ತೆಳುವಾಗಿ, ಅಲ್ಲಲ್ಲಿ ಹರಿದ ಕಂಬಳಿಯಂತೆ ಕೊನೆಗೊಳ್ಳುತ್ತದೆ.

ಬಸಾಲ್ಟ್ ಮುಗಿದಲ್ಲಿ ಅದರಡಿಯ ಸುಣ್ಣದಕಲ್ಲು ಹೊರಗೆ ಕಾಣುತ್ತದೆ. ಭೂವಿಜ್ಞಾನಿಗಳು ಇದನ್ನು ‘ಭೀಮಾ ಶಿಲಾಸಮೂಹ’ ಎಂದು ಕರೆಯುತ್ತಾರೆ. ಐವತ್ತು ಕೋಟಿ ವರ್ಷಗಳಿಗೂ ಹಳೆಯದಾದ, ಆಳವಿಲ್ಲದ ಸಮುದ್ರದ ತಳದಲ್ಲಿ ಸಂಚಯವಾದ ಮರಳುಗಲ್ಲು, ಜೇಡುಶಿಲೆ ಮತ್ತು ಸುಣ್ಣದಕಲ್ಲುಗಳ ಗುಂಪಿದು. ಇದರಲ್ಲಿ ಹೆಚ್ಚು ವಿಸ್ತಾರವಾದ ಸುಣ್ಣದಕಲ್ಲಿನ ಸ್ತರಕ್ಕೆ ಶಹಾಬಾದ ಪಟ್ಟಣದ ಹೆಸರನ್ನೇ ಇಡಲಾಗಿದೆ. ಈ ಕಲ್ಲಿನ ಪದರಗಳು ಹೆಚ್ಚಿನೆಡೆ ಮಡಿಕೆ ಬೀಳದೆ ಅಡ್ಡಲಾಗಿ ಮಲಗಿವೆ. ಆದ್ದರಿಂದಲೇ ಉಳಿಯಿಂದ ಮೀಟಿದರೂ ಹಾಸು ಹಾಸಾಗಿ ಏಳುತ್ತವೆ. ಸ್ಥಳೀಯರು ‘ಪರ್ಸಿ’ ಎನ್ನುವ ಕಲ್ಲು ಇದೇ.

ಇನ್ನೂ ದಕ್ಷಿಣಕ್ಕೆ, ಯಾದಗಿರಿ ಜಿಲ್ಲೆಯ ಕಡೆಗೆ ಹೋದರೆ ಸುಣ್ಣದಕಲ್ಲೂ ಮುಗಿದು ಗ್ರಾನೈಟ್ ಬೆಟ್ಟಗಳು ಮತ್ತು ಅವುಗಳ ಸುತ್ತಲ ಕೆಂಪು ಮಸಾರಿ ಭೂಮಿ ಆರಂಭವಾಗುತ್ತವೆ. ಹೀಗೆ ಒಂದು ದಿನದ ಪ್ರಯಾಣದಲ್ಲಿ ನಾಲ್ಕು ಬಗೆಯ ನೆಲ ದಾಟುವ ಅವಕಾಶ ರಾಜ್ಯದಲ್ಲಿ ಕಡಿಮೆ.

ಈ ಇಳಿಜಾರಿನ ನೀರನ್ನೆಲ್ಲ ಕಾಗಿಣಾ ನದಿ ಒಯ್ಯುತ್ತದೆ. ತೆಲಂಗಾಣದಲ್ಲಿ ಹುಟ್ಟುವ ಈ ನದಿಗೆ ಮುಲ್ಲಾಮಾರಿ ಮತ್ತು ಬೆಣ್ಣೆತೊರಾ ಸೇರುತ್ತವೆ. ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯನ್ನು ಬಳಸಿ ಹರಿದು, ಶಹಾಬಾದ ಸಮೀಪದ ಹೊನಗುಂಟಾದಲ್ಲಿ ಕಾಗಿಣಾ ಭೀಮೆಯನ್ನು ಕೂಡುತ್ತದೆ.

ಮಣ್ಣಿನ ಹುಟ್ಟು

ಸುಣ್ಣದಕಲ್ಲು ಮಳೆನೀರಿನಲ್ಲಿ ನಿಧಾನವಾಗಿ ಕರಗುವ ಶಿಲೆ. ಗಾಳಿಯ ಇಂಗಾಲದ ಡೈ ಆಕ್ಸೈಡ್ ಬೆರೆತ ಮಳೆನೀರು ಸೌಮ್ಯ ಆಮ್ಲದಂತೆ ವರ್ತಿಸಿ, ಕಲ್ಲಿನ ಸುಣ್ಣವನ್ನು ಕರಗಿಸಿ ಒಯ್ಯುತ್ತದೆ. ಕರಗದೆ ಉಳಿಯುವುದು ಅದರೊಳಗಿನ ಅಲ್ಪ ಪ್ರಮಾಣದ ಜೇಡಿ. ಆದ್ದರಿಂದ ಬರೀ ಸುಣ್ಣದಕಲ್ಲಿನಿಂದ ಒಂದು ಅಡಿ ಮಣ್ಣು ಆಗಬೇಕಾದರೆ ಅದಕ್ಕಿಂತ ಹಲವು ಪಟ್ಟು ದಪ್ಪದ ಕಲ್ಲು ಕರಗಬೇಕು. ಇದಕ್ಕೆ ತಗಲುವ ಕಾಲವನ್ನು ಸಾವಿರಾರು ವರ್ಷಗಳಲ್ಲಿ ಎಣಿಸಬೇಕಾಗುತ್ತದೆ.

ಈ ಸೀಮೆಯ ತಗ್ಗುಗಳಲ್ಲಿ ಕಾಣುವ ಆಳವಾದ ಎರೆಮಣ್ಣಿಗೆ ಇನ್ನೊಂದು ಮೂಲವೂ ಇದೆ. ಮೇಲಿನ ಬಸಾಲ್ಟ್ ನೆಲ ಸವೆದು ಬಂದ ಜೇಡಿಯನ್ನು ಹಳ್ಳ, ನದಿಗಳು ತಂದು ಸುಣ್ಣದಕಲ್ಲಿನ ಹಾಸಿನ ಮೇಲೆ ಹರಡಿವೆ. ಹೀಗಾಗಿ ದಿಣ್ಣೆಯ ಮೇಲಿನ ಹೊಲದಲ್ಲಿ ನೇಗಿಲು ಕಲ್ಲಿಗೆ ತಾಗಿದರೆ, ಅದೇ ಊರಿನ ಹಳ್ಳದ ದಂಡೆಯಲ್ಲಿ ಒಂದೂವರೆ ಮೀಟರ್ ಅಗೆದರೂ ಮಣ್ಣು ಮುಗಿಯದು. ರೈತರು ಮೊದಲನೆಯದನ್ನು ‘ಮಡ್ಡಿ’ ಎಂದೂ ಎರಡನೆಯದನ್ನು ‘ಎರಿ’ ಎಂದೂ ಹೆಸರಿಸಿ ಬೇರ್ಪಡಿಸುತ್ತಾರೆ. ಮಣ್ಣು ವಿಜ್ಞಾನಿಗಳ ಲೆಕ್ಕದಲ್ಲಿ 25 ಸೆಂ.ಮೀ.ಗಿಂತ ಕಡಿಮೆ ಆಳದ್ದು ಅತಿ ತೆಳು, 50 ಸೆಂ.ಮೀ.ವರೆಗೆ ತೆಳು, 100 ಸೆಂ.ಮೀ. ದಾಟಿದರೆ ಆಳ, 150 ಸೆಂ.ಮೀ. ದಾಟಿದರೆ ಅತಿ ಆಳ. ಒಂದೇ ಗ್ರಾಮದ ಸರಹದ್ದಿನಲ್ಲಿ ಈ ಎಲ್ಲ ವರ್ಗಗಳೂ ಸಿಗುವುದುಂಟು.

ಮಣ್ಣಿನ ಗುಣಗಳು

ಆಳವಾದ ಎರೆಮಣ್ಣನ್ನು ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ‘ವರ್ಟಿಸಾಲ್’ ಎನ್ನುತ್ತಾರೆ. ತಿರುಗು, ಮಗುಚು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರಿದು. ತನ್ನನ್ನು ತಾನೇ ಮಗುಚಿಕೊಳ್ಳುವ ಮಣ್ಣು ಎಂಬುದು ಇದರ ತಾತ್ಪರ್ಯ.

ಈ ವರ್ತನೆಗೆ ಕಾರಣ ಸ್ಮೆಕ್ಟೈಟ್ ಗುಂಪಿನ ಜೇಡಿ. ಇದರ ಕಣಗಳು ಅತಿ ತೆಳುವಾದ ಹಾಳೆಗಳ ಕಟ್ಟಿನಂತಿದ್ದು, ಹಾಳೆಗಳ ನಡುವೆ ನೀರು ಸೇರಿದರೆ ಉಬ್ಬುತ್ತವೆ, ನೀರು ಹೋದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲದ ತುಂಬ ಬಿರುಕು ಬಿಡುತ್ತದೆ. ಕೈ ಇಳಿಯುವಷ್ಟು ಅಗಲದ ಬಿರುಕುಗಳೂ ಉಂಟು. ಮೇಲಿನ ಪುಡಿ ಮಣ್ಣು ಈ ಬಿರುಕುಗಳೊಳಗೆ ಉದುರುತ್ತದೆ. ಮಳೆ ಬಿದ್ದಾಗ ಕೆಳಗಿನ ಮಣ್ಣು ಉಬ್ಬಿ ಜಾಗ ಸಾಲದೆ ಪಕ್ಕಕ್ಕೂ ಮೇಲಕ್ಕೂ ಒತ್ತುತ್ತದೆ. ಗುಂಡಿ ತೋಡಿ ನೋಡಿದರೆ ಅರ್ಧ ಮೀಟರ್‌ಗಿಂತ ಕೆಳಗೆ, ಮಣ್ಣಿನ ಹೆಂಟೆಗಳು ಒಂದಕ್ಕೊಂದು ಉಜ್ಜಿ ಹೊಳಪೇರಿದ ಮೈಗಳು ಕಾಣಸಿಗುತ್ತವೆ.

ಇದೇ ಕಾರಣಕ್ಕೆ ಎರೆ ಭೂಮಿಯ ಮೇಲೆ ಆಳವಿಲ್ಲದ ತಳಪಾಯ ಹಾಕಿ ಕಟ್ಟಿದ ಮನೆಯ ಗೋಡೆ ಬಿರುಕು ಬಿಡುತ್ತದೆ. ಈ ಭಾಗದಲ್ಲಿ ಕಲ್ಲಿನ ಹಾಸು ಸಿಗುವವರೆಗೆ ಅಗೆದು ತಳಪಾಯ ಹಾಕುವುದೇ ಕ್ಷೇಮ. ಹಳೆಯ ಮನೆಗಳ ಗೋಡೆ, ಅಂಗಳ, ಮಾಳಿಗೆಗಳಲ್ಲೆಲ್ಲ ಪರ್ಸಿ ಕಲ್ಲು ಬಳಕೆಯಾಗಿರುವುದು ಕಣ್ಣಿಗೆ ಬೀಳುತ್ತದೆ.

ರಾಸಾಯನಿಕವಾಗಿ ಇದು ಕ್ಷಾರ ಗುಣದ ಮಣ್ಣು. ರಸಸಾರ (ಪಿ.ಎಚ್.) ಸಾಮಾನ್ಯವಾಗಿ 8ರ ಆಸುಪಾಸು ಅಥವಾ ಅದಕ್ಕಿಂತ ಮೇಲಿರುತ್ತದೆ. ಸುಣ್ಣದ ಬಿಳಿ ಹರಳುಗಳು ಮಣ್ಣಿನಲ್ಲಿ ಬರಿಗಣ್ಣಿಗೇ ಕಾಣುತ್ತವೆ. ಕ್ಯಾಲ್ಸಿಯಂ, ಪೊಟ್ಯಾಷ್ ಸಮೃದ್ಧ. ಕೊರತೆ ಇರುವುದು ಸಾರಜನಕ, ರಂಜಕ ಮತ್ತು ಸತುವಿನದು. ಹಾಕಿದ ರಂಜಕದ ಗೊಬ್ಬರದಲ್ಲೂ ಒಂದು ಪಾಲನ್ನು ಸುಣ್ಣವು ಹಿಡಿದಿಟ್ಟುಕೊಳ್ಳುವುದರಿಂದ ಅದು ಬೆಳೆಗೆ ಪೂರ್ತಿ ದಕ್ಕದು. ಬಣ್ಣ ಕಪ್ಪಾಗಿದ್ದ ಮಾತ್ರಕ್ಕೆ ಸಾವಯವ ಅಂಶ ಹೆಚ್ಚೆಂದು ಭಾವಿಸುವುದು ತಪ್ಪು. ಬಿಸಿಲು ತೀವ್ರವಾಗಿರುವ ಈ ಪ್ರದೇಶದಲ್ಲಿ ಹಾಕಿದ ಕಸ, ಗೊಬ್ಬರ ಬೇಗನೆ ಕಳಿತು ಹೋಗುತ್ತದೆ.

ಬಿರುಕುಗಳು ತೆರೆದಿರುವಾಗ ಮೊದಲ ಮಳೆಯ ನೀರು ಸರಸರನೆ ಕೆಳಗಿಳಿಯುತ್ತದೆ. ಬಿರುಕು ಮುಚ್ಚಿದ ಮೇಲೆ ನೀರು ಇಂಗುವುದು ಬಹಳ ನಿಧಾನ. ಮೇಲೆಯೇ ನಿಲ್ಲುತ್ತದೆ ಇಲ್ಲವೆ ಮಣ್ಣನ್ನು ಕೊಚ್ಚಿಕೊಂಡು ಹರಿಯುತ್ತದೆ. ಒಣಗಿದಾಗ ಕಲ್ಲಿನಂತೆ ಗಟ್ಟಿ, ತೊಯ್ದಾಗ ಕಾಲಿಗೆ ಅಂಟುವ ಕೆಸರು. ಇವೆರಡರ ನಡುವೆ ಉಳುಮೆಗೆ, ಬಿತ್ತನೆಗೆ ಸಿಗುವ ‘ಹದ’ ಕೆಲವೇ ದಿನಗಳದ್ದು. ಆ ದಿನಗಳಲ್ಲಿ ಎತ್ತು, ಟ್ರ್ಯಾಕ್ಟರ್, ಆಳು ಸಿಗದ ರೈತ ಹಂಗಾಮನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಹವಾಮಾನ

ರಾಜ್ಯದ 10 ಕೃಷಿ ಹವಾಮಾನ ವಲಯಗಳಲ್ಲಿ ಚಿಂಚೋಳಿಯನ್ನು ಬೀದರ ಜಿಲ್ಲೆಯೊಂದಿಗೆ ಈಶಾನ್ಯ ಪರಿವರ್ತನಾ ವಲಯಕ್ಕೆ ಸೇರಿಸಲಾಗಿದೆ. ಸೇಡಂ ಮತ್ತು ಚಿತ್ತಾಪುರ ಈಶಾನ್ಯ ಒಣ ವಲಯದಲ್ಲಿವೆ. ವಾಡಿ ಚಿತ್ತಾಪುರ ತಾಲ್ಲೂಕಿನ ಪಟ್ಟಣ. ಶಹಾಬಾದ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಚಿತ್ತಾಪುರಕ್ಕೇ ಸೇರಿತ್ತು. ಪರಿವರ್ತನಾ ವಲಯದಲ್ಲಿ ವಾರ್ಷಿಕ ಮಳೆ ಸುಮಾರು 830ರಿಂದ 890 ಮಿ.ಮೀ.; ಒಣ ವಲಯದಲ್ಲಿ ಸುಮಾರು 630ರಿಂದ 800 ಮಿ.ಮೀ.

ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸುರಿಯುತ್ತದೆ. ಬೆಂಗಳೂರಿಗೂ ಹೆಚ್ಚುಕಡಿಮೆ ಇಷ್ಟೇ ಮಳೆ ಸಾಕಾಗುವಾಗ ಇಲ್ಲಿ ಏಕೆ ಬರ ಎಂದು ಕೇಳುವವರಿದ್ದಾರೆ. ಉತ್ತರ ಬಿಸಿಲಿನಲ್ಲಿದೆ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ಮೀರುವುದು ಈ ಜಿಲ್ಲೆಗೆ ಹೊಸದಲ್ಲ. ವರ್ಷದಲ್ಲಿ ಬೀಳುವ ಮಳೆಗಿಂತ ಆವಿಯಾಗಿ ಹೋಗಬಲ್ಲ ನೀರು ಎಷ್ಟೋ ಪಾಲು ಹೆಚ್ಚು. ಮಳೆಯ ಎರಡು ಸರದಿಗಳ ನಡುವೆ ಮೂರು, ನಾಲ್ಕು ವಾರಗಳ ಬಿಡುವು ಬರುವುದೂ ಸಾಮಾನ್ಯ. ಅತಿವೃಷ್ಟಿಯೂ ಅಪರೂಪವಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ಎರಡೂ ಉಕ್ಕಿ ಹರಿದು, ಕೊಯ್ಲಿಗೆ ಬಂದಿದ್ದ ಮತ್ತು ಬೆಳೆಯುತ್ತಿದ್ದ ಬೆಳೆಗಳು ನೀರಿನಲ್ಲಿ ನಿಂತವು.

ಆಳದ ಲೆಕ್ಕ

ಮಳೆಯ ಬಿಡುವಿನಲ್ಲಿ ಬೆಳೆಯನ್ನು ಉಳಿಸುವುದು ಮಣ್ಣಿನೊಳಗೆ ಉಳಿದ ನೀರು. ಒಂದು ಮೀಟರ್ ಆಳದ ಎರೆಮಣ್ಣು ಬೆಳೆಗೆ ದಕ್ಕುವಂತಹ ಸುಮಾರು 150ರಿಂದ 200 ಮಿ.ಮೀ. ನೀರನ್ನು ಹಿಡಿದಿಡಬಲ್ಲದು. ಹುಲುಸಾಗಿ ಬೆಳೆದ ಬೆಳೆ ದಿನಕ್ಕೆ 4ರಿಂದ 5 ಮಿ.ಮೀ. ನೀರು ಬಳಸುತ್ತದೆ ಎಂದಿಟ್ಟುಕೊಂಡರೆ, ಇಷ್ಟು ನೀರು ಒಂದು ತಿಂಗಳಿಗೂ ಮೀರಿ ಸಾಕು. ಅದೇ ಮಣ್ಣು 30 ಸೆಂ.ಮೀ. ಮಾತ್ರ ಇದ್ದರೆ ದಕ್ಕುವ ನೀರು 45ರಿಂದ 60 ಮಿ.ಮೀ. ಹತ್ತು, ಹನ್ನೆರಡು ದಿನಗಳಲ್ಲಿ ಅದು ಮುಗಿಯುತ್ತದೆ. ಅಕ್ಕಪಕ್ಕದ ಎರಡು ಹೊಲಗಳಿಗೆ ಒಂದೇ ಮಳೆ ಬಿದ್ದರೂ ಒಂದರಲ್ಲಿ ಬೆಳೆ ಹಸಿರಾಗಿ, ಇನ್ನೊಂದರಲ್ಲಿ ಬಾಡಿ ನಿಲ್ಲುವುದರ ಗುಟ್ಟು ಇದು.

ಆಳವಾದ ಎರೆಯ ಇನ್ನೊಂದು ಸೌಲಭ್ಯವೆಂದರೆ ಹಿಂಗಾರು ಬೇಸಾಯ. ಮುಂಗಾರಿನಲ್ಲಿ ಹೊಲವನ್ನು ಬೀಳು ಬಿಟ್ಟು, ಕುಂಟೆ ಹೊಡೆದು, ನೀರು ಕುಡಿಸಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಾರೆ. ಆ ಬಳಿಕ ಮಳೆ ಬಾರದಿದ್ದರೂ ಮಣ್ಣಿನ ಹಸಿ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆ ಕೈಗೆ ಬರುತ್ತದೆ. ಬೆಳೆ ನಿಂತಾಗ ಸಾಲುಗಳ ನಡುವೆ ಎಡೆ ಹೊಡೆಯುವುದು ಕಳೆ ತೆಗೆಯಲಷ್ಟೇ ಅಲ್ಲದೆ ಬಿರುಕು ಮುಚ್ಚಿ ಹಸಿ ಆರದಂತೆ ತಡೆಯಲೂ ಹೌದು. ತೆಳು ಮಣ್ಣಿನ ಮಡ್ಡಿಯಲ್ಲಿ ಈ ಬೇಸಾಯ ಸಾಧ್ಯವಿಲ್ಲ. ಅಲ್ಲಿ ಹೆಸರು, ಉದ್ದಿನಂತಹ ಬೇಗ ಮುಗಿಯುವ ಮುಂಗಾರು ಬೆಳೆಗಳೇ ಗತಿ.

ತೊಗರಿ ಮತ್ತು ಈ ಮಣ್ಣು

ಇವೆರಡರ ನಡುವೆ ನಿಲ್ಲುವ ಬೆಳೆ ತೊಗರಿ. ಜೂನ್–ಜುಲೈನಲ್ಲಿ ಬಿತ್ತಿದರೆ ಡಿಸೆಂಬರ್–ಜನವರಿಯಲ್ಲಿ ಕಟಾವು. ಮುಂಗಾರಿನ ಮಳೆಯಲ್ಲಿ ಬೆಳೆದು, ಹಿಂಗಾರಿನ ಹಸಿಯಲ್ಲಿ ಹೂ, ಕಾಯಿ ಕಟ್ಟುತ್ತದೆ. ಇದರ ತಾಯಿಬೇರು ಆಳಕ್ಕಿಳಿದು ನೀರನ್ನು ಹುಡುಕುತ್ತದೆ. ಎಲೆ ಉದುರಿಸಿ ನೆಲಕ್ಕೆ ಗೊಬ್ಬರ ಕೊಡುತ್ತದೆ. ಕಲಬುರಗಿಗೆ ‘ತೊಗರಿಯ ಕಣಜ’ ಎಂಬ ಹೆಸರು ಬರಲು ಬೆಳೆ ಮತ್ತು ಮಣ್ಣಿನ ಈ ಹೊಂದಾಣಿಕೆಯೇ ಕಾರಣ. ‘ಗುಲಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇಲ್ಲಿಯ ಬೇಳೆಯ ರುಚಿಗೆ ಮಣ್ಣಿನಲ್ಲಿರುವ ಕ್ಯಾಲ್ಸಿಯಂ ಮತ್ತು ಪೊಟ್ಯಾಷ್ ಕಾರಣವೆಂಬ ಮಾತು ಅಂದಿನಿಂದ ಇನ್ನಷ್ಟು ಪ್ರಚಾರಕ್ಕೆ ಬಂದಿದೆ.

ಆದರೆ ವರ್ಷ ವರ್ಷವೂ ತೊಗರಿಯನ್ನೇ ಬಿತ್ತುವ ಪದ್ಧತಿಯ ಬೆಲೆ 2022ರಲ್ಲಿ ಗೊತ್ತಾಯಿತು. ಆ ವರ್ಷ ನೆಟೆ ರೋಗ ಜಿಲ್ಲೆಯಾದ್ಯಂತ ಹರಡಿ, ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದವು. ರಾಜ್ಯ ಸರ್ಕಾರ 2023ರ ಆರಂಭದಲ್ಲಿ ಹೆಕ್ಟೇರಿಗೆ 10 ಸಾವಿರ ರೂಪಾಯಿ ಪರಿಹಾರ ಪ್ರಕಟಿಸಬೇಕಾಯಿತು. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿಯೇ ವರ್ಷಗಟ್ಟಲೆ ಬದುಕುತ್ತದೆ. ಮೊದಲು ನೀರು ನಿಂತು ಬೇರು ಸೊರಗಿ, ಅನಂತರ ಹಸಿ ಆರಿ ಗಿಡ ಬಳಲಿದಾಗ ರೋಗ ಉಲ್ಬಣಿಸುತ್ತದೆ. ಜೋಳದಂತಹ ಏಕದಳ ಬೆಳೆಯೊಂದಿಗೆ ಪರಿವರ್ತನೆ, ಟ್ರೈಕೋಡರ್ಮಾದಿಂದ ಬೀಜೋಪಚಾರ, ರೋಗ ತಾಳುವ ತಳಿಗಳ ಆಯ್ಕೆ ಮತ್ತು ನೀರು ಬಸಿದುಹೋಗುವ ಸಾಲುಗಳು ಇದಕ್ಕೆ ಕೃಷಿ ತಜ್ಞರು ಸೂಚಿಸುವ ಕ್ರಮಗಳು. ಅಗಲವಾದ ಮಡಿ ಮತ್ತು ಸಾಲು ಮಾಡಿ ಹೆಚ್ಚುವರಿ ನೀರನ್ನು ಹೊರಬಿಡುವ ವಿಧಾನವನ್ನು ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ ಇಂತಹದೇ ಕರಿ ಭೂಮಿಗಾಗಿ ರೂಪಿಸಿತ್ತು.

ಕಲ್ಲಿನ ಚರಿತ್ರೆ, ಗಣಿಯ ವರ್ತಮಾನ

ಮಣ್ಣಿನಡಿಯ ಕಲ್ಲಿಗೂ ಇಲ್ಲಿ ಎರಡು ಸಾವಿರ ವರ್ಷಗಳ ಬಳಕೆಯ ಇತಿಹಾಸವಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನವಾದ ಬೌದ್ಧ ಸ್ತೂಪದ ಶಿಲ್ಪಫಲಕಗಳು ಸುಣ್ಣದಕಲ್ಲಿನವು. ಅಶೋಕ ಚಕ್ರವರ್ತಿಯ ಹೆಸರು ಕೆತ್ತಿದ ಅವನ ಉಬ್ಬುಶಿಲ್ಪ ಇಲ್ಲಿ ದೊರೆತಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಕಾಗಿಣೆಯ ದಂಡೆಯ ಇದೇ ಸುಣ್ಣದಕಲ್ಲಿನ ನೆಲದಲ್ಲಿದೆ.

ಕೈಗಾರಿಕೆಯಾಗಿ ಸುಣ್ಣದಕಲ್ಲಿನ ಬಳಕೆ ನಿಜಾಮರ ಆಳ್ವಿಕೆಯಲ್ಲೇ ಶಹಾಬಾದದಲ್ಲಿ ಸಿಮೆಂಟ್ ಉತ್ಪಾದನೆಯೊಂದಿಗೆ ಆರಂಭವಾಯಿತು. ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ 1968ರಲ್ಲಿ ಬಂದಿತು. ಅನಂತರ ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗಗಳಲ್ಲೂ ಕಾರ್ಖಾನೆಗಳು ನೆಲೆಯೂರಿದವು. ಒಂದು ಟನ್ ಕ್ಲಿಂಕರ್ ತಯಾರಿಗೆ ಸುಮಾರು ಒಂದೂವರೆ ಟನ್ ಸುಣ್ಣದಕಲ್ಲು ಬೇಕು. ಸಾವಿರಾರು ಕುಟುಂಬಗಳಿಗೆ ಉದ್ಯೋಗ, ರೈಲು, ರಸ್ತೆ, ವ್ಯಾಪಾರ ಇದರಿಂದ ಬಂದಿವೆ. ಇದನ್ನು ಅಲ್ಲಗಳೆಯುವಂತಿಲ್ಲ.

ಗಣಿಗೆ ಅನುಕೂಲವಾದದ್ದು ಕಲ್ಲು ಬೇಗ ಸಿಗುವ ತೆಳು ಮಣ್ಣಿನ ನೆಲ. ಆದರೆ ಗಣಿ ವಿಸ್ತರಿಸಿದಂತೆ ಆಳವಾದ ಎರೆಯ ಹೊಲಗಳೂ ಅದರ ಅಂಚಿಗೆ ಬರುತ್ತವೆ. ಒಂದು ಎಕರೆಯಲ್ಲಿ 30 ಸೆಂ.ಮೀ. ಮಣ್ಣು ಎಂದರೆ ಸುಮಾರು 1,200 ಘನ ಮೀಟರ್. ಅದನ್ನು ಪ್ರತ್ಯೇಕವಾಗಿ ತೆಗೆದು, ಪುನಶ್ಚೇತನಕ್ಕೆ ಬಳಸಬೇಕು, ಕೂಡಲೇ ಬಳಸಲಾಗದಿದ್ದರೆ ಮುಂದಿನ ಬಳಕೆಗೆ ಕಾಪಿಡಬೇಕು ಎಂಬುದು ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಆಶಯ. ಕಲ್ಲಿನ ಚೂರಿನೊಂದಿಗೆ ಬೆರೆತು ರಾಶಿ ಬಿದ್ದ ಎರೆಮಣ್ಣು ಮತ್ತೆ ಎರೆಮಣ್ಣಾಗದು. ಗಣಿ ಗುಂಡಿಯಲ್ಲಿ ನೀರು ನಿಲ್ಲಿಸಿ ಕೆರೆ ಮಾಡಬಹುದು. ಹೊಲ ಮಾಡಲು ಮಣ್ಣೇ ಬೇಕು.

ಕಣ್ಣಿಗೆ ಕಾಣದ ನಷ್ಟ ಹೊಲಗಳಲ್ಲೂ ನಡೆಯುತ್ತಿದೆ. ಒಂದು ಹೆಕ್ಟೇರಿನಲ್ಲಿ ಕೇವಲ ಒಂದು ಮಿ.ಮೀ. ಮಣ್ಣು ಕೊಚ್ಚಿಹೋದರೆ ಅದರ ತೂಕ ಸುಮಾರು 13 ಟನ್. ಮುಂಗಾರಿನಲ್ಲಿ ಬರಿದಾಗಿ ಬಿಟ್ಟ ಇಳಿಜಾರು ಹೊಲದಲ್ಲಿ ಈ ಅಪಾಯ ಹೆಚ್ಚು. ಒಂದು ಮೀಟರ್ ಆಳದ ಎರೆಗೆ ಒಂದೆರಡು ಸೆಂ.ಮೀ. ನಷ್ಟ ತಾಳಿಕೊಳ್ಳುವ ಶಕ್ತಿ ಇದೆ. ಗೇಣು ಮಣ್ಣಿನ ಮಡ್ಡಿಗೆ ಇಲ್ಲ. ಒಡ್ಡು ಹಾಕುವುದು, ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು, ಕೃಷಿ ಹೊಂಡ ತೋಡುವುದು ಹಳೆಯ ಉಪಾಯಗಳಾದರೂ ಇಂದಿಗೂ ಇವುಗಳಿಗೆ ಬದಲಿಲ್ಲ.

ತಿಳಿದುಕೊಳ್ಳುವ ದಾರಿ

ಸುಜಲಾ ಜಲಾನಯನ ಯೋಜನೆಯ ಮೂರನೆಯ ಹಂತದಲ್ಲಿ ರಾಜ್ಯದ 11 ಜಿಲ್ಲೆಗಳ ಆಯ್ದ ಕಿರುಜಲಾನಯನಗಳಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೆಯಿತು. ಸರ್ವೆ ನಂಬರ್ ನಕ್ಷೆಯ ಮೇಲೆ ಮಣ್ಣಿನ ಆಳ, ಇಳಿಜಾರು, ನೀರು ಹಿಡಿಯುವ ಶಕ್ತಿ, ಪೋಷಕಾಂಶಗಳ ಕೊರತೆಗಳನ್ನು ಗುರುತಿಸಿ, ಯಾವ ಬೆಳೆ ಸೂಕ್ತವೆಂದು ತಿಳಿಸುವ ಕೆಲಸವದು. ಇಂತಹ ಮಾಹಿತಿ ಹೊಲ ಕೊಳ್ಳುವವನಿಗೆ, ಮಾರುವವನಿಗೆ, ಬಿತ್ತುವವನಿಗೆ ಸಮಾನವಾಗಿ ಬೇಕಾದದ್ದು. ಈಗ ಭೂಮಿಯ ಬೆಲೆಯನ್ನು ರಸ್ತೆ ಮತ್ತು ಕಲ್ಲು ನಿರ್ಧರಿಸುತ್ತವೆ. ಅದರ ಮೇಲಿನ ಮಣ್ಣಿನ ಆಳವೂ ಲೆಕ್ಕಕ್ಕೆ ಬರುವುದಾದರೆ, ಕನಿಷ್ಠ ಆಳವಾದ ಎರೆಯ ಹೊಲಗಳನ್ನು ಗಣಿಯಿಂದ ದೂರ ಇಡುವ ಮಾತಿಗೆ ಆಧಾರ ಸಿಗುತ್ತದೆ.

ಸಂಕ್ಷಿಪ್ತ ನೋಟ

ಮಣ್ಣು: ಕರಿ ಎರೆಮಣ್ಣು (ವರ್ಟಿಸಾಲ್) ಹಾಗೂ ಅದರ ತೆಳು ಬಗೆಗಳು, ಚಿಂಚೋಳಿಯ ಎತ್ತರದಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣು
ತಳಶಿಲೆ: ಭೀಮಾ ಶಿಲಾಸಮೂಹದ ಸುಣ್ಣದಕಲ್ಲು, ಉತ್ತರದಲ್ಲಿ ಬಸಾಲ್ಟ್
ಆಳ: 25 ಸೆಂ.ಮೀ.ಗಿಂತ ಕಡಿಮೆಯಿಂದ 150 ಸೆಂ.ಮೀ.ಗಿಂತ ಹೆಚ್ಚಿನವರೆಗೆ
ರಸಸಾರ: ಸಾಮಾನ್ಯವಾಗಿ 8ರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು
ಮಳೆ: ಒಣ ವಲಯದಲ್ಲಿ ಸುಮಾರು 630–800 ಮಿ.ಮೀ.; ಚಿಂಚೋಳಿಯ ಪರಿವರ್ತನಾ ವಲಯದಲ್ಲಿ ಸುಮಾರು 830–890 ಮಿ.ಮೀ.
ನದಿಗಳು: ಕಾಗಿಣಾ, ಮುಲ್ಲಾಮಾರಿ, ಬೆಣ್ಣೆತೊರಾ, ಭೀಮಾ
ಮುಖ್ಯ ಬೆಳೆಗಳು: ತೊಗರಿ, ಹೆಸರು, ಉದ್ದು, ಹಿಂಗಾರಿ ಜೋಳ, ಕಡಲೆ, ಕುಸುಬೆ